ಐದು ದಿನದ ಋತು

ಈಗ ಫೋನ್ ತೆರೆದರೆ ಸಾಕು, ಮುಂಜಾನೆಯ ಶುಭಾಶಯದ ಜೊತೆಗೆ ಒಂದು ಜಪಾನಿ ಶಬ್ದವೂ ಬಂದು ಕೂತಿರುತ್ತದೆ. ಬದುಕಬೇಕೆನ್ನಿಸುವ ಕಾರಣಕ್ಕೆ ಇಕಿಗಾಯ್, ಎಲೆಗಳ ಸಂದಿಯಿಂದ ಇಳಿಯುವ ಬಿಸಿಲಿಗೆ ಕೊಮೊರೆಬಿ. ಕೇಳಲು ಚಂದವೇ. ಆದರೆ ನಮ್ಮ ಜತ್ತ ತಾಲೂಕಿನಲ್ಲಿ ಬಿಸಿಲಿಗೆ ಎಲೆಗಳ ಮಧ್ಯಸ್ಥಿಕೆ ಬೇಕಿಲ್ಲ. ನೇರ ನೆತ್ತಿಗೇ ಬರುತ್ತದೆ. ಗಿಡ ಅಂದರೆ ಅಲ್ಲೊಂದು ಬೇವು, ಇಲ್ಲೊಂದು ಜಾಲಿ.

ಕಾಡಿನಲ್ಲಿ ಸುಮ್ಮನೆ ಅಡ್ಡಾಡಿ ಮನಸ್ಸು ಹಗುರ ಮಾಡಿಕೊಳ್ಳುವುದಕ್ಕೆ ಅವರು ಶಿನ್‌ರಿನ್-ಯೊಕು, ಕಾಡಿನ ಸ್ನಾನ, ಅನ್ನುತ್ತಾರೆ. ಋಷಿಗಳ ಕಾಲದ್ದಿರಬೇಕು ಅಂದುಕೊಳ್ಳಬೇಡಿ. 1982ರಲ್ಲಿ ಅಲ್ಲಿಯ ಸರಕಾರದ ಅರಣ್ಯ ಇಲಾಖೆ ಹುಟ್ಟುಹಾಕಿದ ಮಾತು ಅದು. ನಮ್ಮ ಎಳ್ಳಮಾಸಿಗೆ ಯಾವ ಇಲಾಖೆಯ ಸುತ್ತೋಲೆಯೂ ಇಲ್ಲ. ಆದರೂ ಅಂದು ಮನೆಗೆ ಬೀಗ ಬೀಳುತ್ತದೆ. ಬಿಳಿಜೋಳದ ಹೊಲದಲ್ಲಿ ಚರಗ ಚೆಲ್ಲಿ, ಬುಟ್ಟಿ ಬಿಚ್ಚಿ, ಸಜ್ಜಿ ಕಡಬು, ಎಳ್ಳು ಹಚ್ಚಿದ ರೊಟ್ಟಿ, ಶೇಂಗಾ ಹೋಳಿಗೆ ಉಂಡು ಎಲ್ಲರೂ ಅಲ್ಲೇ ಅಡ್ಡಾಗುತ್ತಾರೆ.

ನನಗೆ ನಿಜಕ್ಕೂ ಹೊಟ್ಟೆಕಿಚ್ಚು ತರಿಸಿದ್ದು ಅವರ ಹಳೆಯ ಪಂಚಾಂಗ. ವರ್ಷಕ್ಕೆ 72 ಋತು, ಒಂದೊಂದಕ್ಕೆ ಐದೇ ದಿನ. ಮೂಲ ಲೆಕ್ಕ ಚೀನದ್ದು. ಅದನ್ನು 1685ರಲ್ಲಿ ಶಿಬುಕಾವಾ ಶುನ್‌ಕಾಯ್ ಎಂಬ ಖಗೋಳಜ್ಞ ತನ್ನ ನಾಡಿನ ಹವೆಗೆ ತಕ್ಕಂತೆ ತಿದ್ದಿದ. ಸೆಪ್ಟೆಂಬರ್ ಕೊನೆಗೆ ಬರುವುದು, ಹುಳುಗಳು ನೆಲದೊಳಗೆ ಹೊಕ್ಕು ಬಾಗಿಲು ಹಾಕಿಕೊಳ್ಳುವ ಋತು. ಅದರ ಬೆನ್ನಿಗೇ ಅಕ್ಟೋಬರ್ ಮೊದಲ ವಾರದಲ್ಲಿ, ಭತ್ತದ ಕೊಯ್ಲಿಗೆಂದು ಗದ್ದೆಯ ನೀರು ಹೊರಬಿಡುವ ಋತು. ನಮ್ಮಲ್ಲಿ ಆಗ ಹಸ್ತಾ ಮಳಿ. ಅವರು ನೀರು ಬೇಡವೆಂದು ಬಿಡುವ ಹೊತ್ತಿಗೆ ಸಂಖ, ಉಮದಿಯ ಕಡೆ ನಮ್ಮವರು ಮುಗಿಲು ನೋಡುತ್ತ ನಿಂತಿರುತ್ತಾರೆ.

ಮಳಿ ಬಂತೋ, ಮಾತು ಕಡಿಮೆ. ಕಾಕಾ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು, ಮೇಲಿನ ಮಣ್ಣು ಸರಿಸಿ, ಒಳಗಿನದೊಂದು ಹಿಡಿ ತೆಗೆದು ಮುಷ್ಟಿಯಲ್ಲಿ ಒತ್ತುತ್ತಾರೆ. ಬೆರಳಿಗೆ ಮೆತ್ತಿದರೆ ಹಸಿ ಹೆಚ್ಚಾಯಿತು. ಉಂಡಿ ಕಟ್ಟದೆ ಉದುರಿದರೆ ಸಾಲದು. ಉಂಡಿಯಾಗಿ ನಿಂತು, ಹೆಬ್ಬೆರಳು ತಾಗಿಸಿದೊಡನೆ ಒಡೆದರೆ, “ಹದ ಬಂದೈತಿ, ಕೂರಿಗಿ ಹೂಡ್ರಿ” ಅನ್ನುತ್ತಾರೆ. ಈ ಹದ ಯಾವ ಪಂಚಾಂಗದಲ್ಲೂ ಇಲ್ಲ. ನಮ್ಮ ಮಳೆ ನಕ್ಷತ್ರಗಳು ಕರಾವಳಿಗೂ ಅವೇ, ಜತ್ತಕ್ಕೂ ಅವೇ. ಸುರಿಯುವ ನೀರು ಮಾತ್ರ ಅಜಗಜಾಂತರ.

ಜಪಾನಿನಿಂದ ಶಬ್ದ ತರುವುದಕ್ಕಿಂತ ಶುನ್‌ಕಾಯ್‌ನ ಕೆಲಸ ತರುವುದು ಲೇಸು. ಪರರ ಲೆಕ್ಕವನ್ನು ತನ್ನ ನೆಲಕ್ಕೆ ತಿದ್ದಿಕೊಂಡವ ಆತ. ಜತ್ತದ ಕನ್ನಡ ಶಾಲೆಗಳ ಮಕ್ಕಳು ಐದೈದು ದಿನಕ್ಕೊಮ್ಮೆ ಒಂದೇ ಸಾಲು ಬರೆದಿಡಲಿ: ಬೇವು ಯಾವಾಗ ಹೂಬಿಟ್ಟಿತು, ಬಾವಿ ಯಾವಾಗ ತಳ ಕಂಡಿತು, ಜೋಳ ಯಾವಾಗ ತೆನಿ ಹಾಕಿತು. ವರ್ಷ ತುಂಬುವಷ್ಟರಲ್ಲಿ ನಮ್ಮ ಊರಿನದೇ ಪಂಚಾಂಗ ಕೈಗೆ ಬರುತ್ತದೆ. ಮಾಸ್ತರರೇ, ಇದಕ್ಕೆ ಅನುದಾನ ಬೇಡ. ಒಂದು ನೋಟುಬುಕ್ಕು ಸಾಕು.