ತೊಟ್ಟಿನ ಬಂಧನ

ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಲೇವನ್‌ಹುಕ್, ಹೊಸ ಮಡಕೆಯಲ್ಲಿ ಕೆಲವು ದಿನ ನಿಂತ ಮಳೆನೀರನ್ನು 1675ರಲ್ಲಿ ತಾನೇ ಉಜ್ಜಿದ ಮಸೂರದಿಂದ ನೋಡಿದನು. ಬಾಲವುಳ್ಳ ಕಿರುಜೀವಿಗಳು ಕಂಡವು. ಬಾಲ ಯಾವುದೋ ಎಳೆಗೆ ಸಿಕ್ಕಿಕೊಂಡಿದೆ, ಬಿಡಿಸಿಕೊಳ್ಳಲೆಂದೇ ಅವು ಮತ್ತೆ ಮತ್ತೆ ಸೆಳೆದಾಡುತ್ತಿವೆ ಎಂದು ಬಗೆದು, ಇಷ್ಟು ದೀನವಾದ ಪ್ರಾಣಿಯನ್ನು ತಾನು ಕಂಡೇ ಇಲ್ಲವೆಂದು ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದನು.

ಮರುಕವೇನೋ ದೊಡ್ಡದೇ, ಆದರೆ ಅದು ಅಸ್ಥಾನದಲ್ಲಿತ್ತು. ಮುಂದೆ ವಾರ್ಟಿಸೆಲ್ಲ ಎಂಬ ಹೆಸರು ಪಡೆದ ಈ ಏಕಕೋಶಜೀವಿ ಸಿಕ್ಕಿಬಿದ್ದುದಲ್ಲ. ಎಲೆಗೋ ಕಲ್ಲಿಗೋ ತಾನಾಗಿಯೇ ತೊಟ್ಟೂರಿ ನಿಲ್ಲುತ್ತದೆ. ಗಂಟೆಯಾಕಾರದ ದೇಹದ ಅಂಚಿನಲ್ಲಿರುವ ಸೂಕ್ಷ್ಮ ರೋಮಗಳನ್ನು ಬೀಸಿ ನೀರಿನಲ್ಲಿ ಸುಳಿಯೆಬ್ಬಿಸಿ, ಹರಿದು ಬಂದ ಬ್ಯಾಕ್ಟೀರಿಯಗಳನ್ನು ಉಣ್ಣುತ್ತದೆ. ನೀರು ಕದಲಿತೋ, ತೊಟ್ಟಿನೊಳಗಿನ ದಾರವು ಸೆಕೆಂಡಿನ ಸುಮಾರು ನೂರರಲ್ಲೊಂದು ಪಾಲಿನಲ್ಲಿ ಸುರುಳಿಗೊಂಡು ದೇಹವನ್ನು ಕೆಳಕ್ಕೆಳೆದುಬಿಡುತ್ತದೆ. ಪಾಪ, ಆ ವ್ಯಾಪಾರಿಗೆ ಒದ್ದಾಟವಾಗಿ ಕಂಡದ್ದು ಇದೇ ಆತ್ಮರಕ್ಷಣೆ.

ಇದರ ಬಂಧುವಾದ ಕಾರ್ಕೀಸಿಯಮ್ ಅವಿಭಕ್ತ ಕುಟುಂಬದಂತೆ ಒಂದೇ ಕಾಂಡದಲ್ಲಿ ಕವಲೊಡೆದು ಬಾಳುತ್ತದೆ. ಆದರೂ ಒಂದೊಂದು ಜೀವಿಯೂ ಬೆದರಿ ಮುದುಡುವುದು ತನ್ನಷ್ಟಕ್ಕೆ ತಾನೇ!

ನೆಲೆ ಕೆಟ್ಟಾಗ ವಾರ್ಟಿಸೆಲ್ಲ ಬುಡದಲ್ಲಿ ಹೊಸ ರೋಮವಲಯವೊಂದನ್ನು ಬೆಳೆಸಿಕೊಂಡು, ತೊಟ್ಟನ್ನು ಅಲ್ಲಿಯೇ ತೊರೆದು ಈಜಿಹೋಗುತ್ತದೆ. ಲೇವನ್‌ಹುಕ್ ಅದಕ್ಕೆ ಬಯಸಿದ್ದ ಬಿಡುಗಡೆ ಅದೇ. ಬೇರೊಂದು ಆಸರೆ ಸಿಕ್ಕೊಡನೆ ಅದು ಮಾಡುವ ಕೆಲಸವೆಂದರೆ ಇನ್ನೊಂದು ತೊಟ್ಟು ಬೆಳೆಸುವುದು.