ಕೊಲಂಬ್ ಬಿಸಿಲಲ್ಲಿ ಮೂರು ಸುತ್ತು

ತಮ್ಮಾ, ನಾರಾಯಣಪುರದ ಹೊಲದ ಬದುವಿನ ಮೇಲೆ ಓಡುವುದನ್ನು ಸ್ವಲ್ಪ ಹೊತ್ತು ನಿಲ್ಲಿಸಿ ನನ್ನ ಜೊತೆ ಬಾ. ಇವತ್ತು 1924ರ ಜುಲೈ 12. ಪ್ಯಾರಿಸ್ ಹೊರವಲಯದ ಕೊಲಂಬ್ ಕ್ರೀಡಾಂಗಣದಲ್ಲಿ ಒಲಿಂಪಿಕ್ಸ್ ನಡೆದಿದೆ. ಬಿಸಿಲು ನಿನಗೆ ಹೊಸದಲ್ಲ, ಬಸವಕಲ್ಯಾಣದ ಮೇ ತಿಂಗಳನ್ನು ಕಂಡವನು ನೀನು. ಇಲ್ಲಿಯವರಿಗೆ ಮಾತ್ರ ಈ 40 ಡಿಗ್ರಿಯ ಧಗೆ ತಡೆಯಲಾಗದ್ದು. ಇವತ್ತೇ ನಡೆಯುವ ಕ್ರಾಸ್‌ಕಂಟ್ರಿಗೆ ಹೊರಟ 38 ಮಂದಿಯಲ್ಲಿ ಗುರಿ ಮುಟ್ಟುವವರು 15 ಜನ.

ಹರ್ಡಲ್ಸ್ ಗೆರೆಗೆ ಬರುತ್ತಿದ್ದಾನಲ್ಲ, ಅವನನ್ನು ನೋಡು. ಹೆರಾಲ್ಡ್ ಆಸ್ಬರ್ನ್, ಅಮೆರಿಕದ ಇಲಿನಾಯ್‌ನವನು, ವಯಸ್ಸು 25. ಅವನಿಗೆ ಕಾಣುವುದು ಒಂದೇ ಕಣ್ಣು. ಐದು ದಿನದ ಹಿಂದೆ ಇಲ್ಲೇ 1.98 ಮೀಟರ್ ಎತ್ತರ ಜಿಗಿದು ಚಿನ್ನ ಗೆದ್ದ. ಬಾರ್ ದಾಟುವಾಗ ಕೈಯಿಂದ ಅದನ್ನು ಕಂಬಕ್ಕೆ ಒತ್ತಿಹಿಡಿಯುತ್ತಾನೆ ಎಂದು ಗೊಣಗುವವರಿದ್ದಾರೆ. ಈಗಿನ ಕಂಬಗಳಲ್ಲಿ ಬಾರ್ ಒಂದೇ ಬದಿಗೆ ಬೀಳಬಲ್ಲದು, ಮುಂದೆ ಕಂಬಗಳ ನಿಯಮವೇ ಬದಲಾಗುತ್ತದೆ. ನನಗಂತೂ ಇದು ಮೋಸ ಅನ್ನಿಸುವುದಿಲ್ಲ. ಒಕ್ಕಣ್ಣಿನವನು ದೂರವನ್ನು ಮೈಯಿಂದಲೇ ಅಳೆಯಬೇಕು.

ಈಗ ಅವನು ಆಡುತ್ತಿರುವುದು ಡೆಕಾಥ್ಲಾನ್, ಎರಡು ದಿನದಲ್ಲಿ ಹತ್ತು ಆಟ. ನಿನ್ನೆ ಐದು ಮುಗಿದಿವೆ. ಇವತ್ತು ಹರ್ಡಲ್ಸ್ 16 ಸೆಕೆಂಡಿನಲ್ಲಿ ಮುಗಿಯಿತು. ಡಿಸ್ಕಸ್ ಹೋದದ್ದು 34.51 ಮೀಟರ್, ಎಸೆತ ಇವನ ಬಲವಲ್ಲ. ಆದರೂ ಡೆಕಾಥ್ಲಾನ್ ಆಡುವವನು ತನಗೆ ಒಗ್ಗದ ಆಟವನ್ನು ಬಿಟ್ಟು ಹೋಗುವಂತಿಲ್ಲ, ಅದಕ್ಕೇ ನನಗೆ ಇವರೆಲ್ಲರ ಮೇಲೆ ಇಷ್ಟು ಪ್ರೀತಿ. ಪೋಲ್‌ವಾಲ್ಟ್ 3.50 ಮೀಟರ್. ಜಾವೆಲಿನ್ 46.69.

ಈಗ ಹತ್ತನೆಯದು, 1500 ಮೀಟರ್. ಇಲ್ಲಿನ ಟ್ರ್ಯಾಕ್ 500 ಮೀಟರಿನದು, ಹಾಗಾಗಿ ಮೂರು ಸುತ್ತು. ಎರಡು ದಿನ ಜಿಗಿದು, ಎಸೆದು, ಓಡಿದ ಕಾಲುಗಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೆ! ಕೂಗು ತಮ್ಮಾ, ಅವನ ಹೆಸರು ಹಿಡಿದು ಕೂಗು.

4 ನಿಮಿಷ 50 ಸೆಕೆಂಡ್. ಒಟ್ಟು 7710.775 ಅಂಕ, ವಿಶ್ವದಾಖಲೆ! ಎರಡನೆಯವನಾದ ಎಮರ್ಸನ್ ನಾರ್ಟನ್ 350ಕ್ಕೂ ಹೆಚ್ಚು ಅಂಕ ಹಿಂದಿದ್ದಾನೆ. ಒಂದೇ ಒಲಿಂಪಿಕ್ಸ್‌ನಲ್ಲಿ ಡೆಕಾಥ್ಲಾನ್ ಮತ್ತು ಹೈಜಂಪ್ ಎರಡನ್ನೂ ಗೆದ್ದವನು ಇವನ ನಂತರ ಬಂದಿಲ್ಲ.

ಇನ್ನೂ ಇದೆ ಇವನ ಕತೆ. 1936ರಲ್ಲಿ ಓಡಿ ಬರದೆ ನಿಂತಲ್ಲಿಂದಲೇ 1.68 ಮೀಟರ್ ಜಿಗಿಯುತ್ತಾನೆ. ಆಸ್ಟಿಯೋಪತಿ ಓದಿ ಡಾಕ್ಟರ್ ಆಗುತ್ತಾನೆ, ಚಾಕು ಹಿಡಿಯುವ ಸರ್ಜನ್ ಅಲ್ಲ, ಎಲುಬು, ಕೀಲು, ಸ್ನಾಯುಗಳನ್ನು ಕೈಯಿಂದ ಮುಟ್ಟಿ ನೋಡುವ ವೈದ್ಯ. ಇಲಿನಾಯ್‌ನ ಶಾಂಪೇನ್ ಊರಿನಲ್ಲಿ, ಓಡಿ ಕಾಲು ನೋಯಿಸಿಕೊಂಡ ಯಾರಾದರೂ ಬಾಗಿಲು ತಟ್ಟಿದರೆ, ಆ ನೋವು ಎಲ್ಲಿಂದ ಹುಟ್ಟುತ್ತದೆಂದು ಈ ಡಾಕ್ಟರಿಗೆ ಬಿಡಿಸಿ ಹೇಳಬೇಕಾಗುವುದಿಲ್ಲ.