ಅರ್ಧದಾರಿಯ ಲೆಕ್ಕಪತ್ರ

ಐವತ್ತು ದಾಟಿದ ವ್ಯಾಪಾರಿಗೆ ಅಂಗಡಿಯ ಲೆಕ್ಕ ತಪ್ಪುವುದು ಅಪರೂಪ. ದಾಸ್ತಾನು ಎಷ್ಟಿದೆ, ಬರಬೇಕಾದ ಬಾಕಿ ಎಷ್ಟು, ಅದರಲ್ಲಿ ಮುಳುಗಿದ್ದೆಷ್ಟು ಎಂಬುದನ್ನು ಆತ ಖಾತೆಪುಸ್ತಕ ತೆರೆಯದೆಯೇ ಹೇಳಬಲ್ಲ. ಆದರೆ ಅದೇ ಮನುಷ್ಯ ಗಲ್ಲಾಪೆಟ್ಟಿಗೆಯ ಮಗ್ಗುಲಲ್ಲಿ ಇನ್ನೊಂದು ಪುಸ್ತಕವನ್ನಿಟ್ಟುಕೊಂಡು, ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ನಾಲ್ಕು ಸಾಲು ಪದ್ಯ ಬರೆಯುವವನಾಗಿದ್ದರೆ, ಆ ಪುಸ್ತಕದ ಬೆಲೆಯೇನೆಂದು ಕೇಳಿದಾಗ ತಬ್ಬಿಬ್ಬಾಗುತ್ತಾನೆ. ಇಪ್ಪತ್ತರ ಹರೆಯದಲ್ಲಿ ಬರೆದದ್ದೆಲ್ಲವೂ ಹೊನ್ನೆಂದು ತೋರಿತ್ತು. ಐವತ್ತರಲ್ಲಿ ಅದೇ ಹಾಳೆಗಳು ಹಿತ್ತಾಳೆಯಂತೆ ಕಾಣುತ್ತವೆ. ಹರಿದುಹಾಕಲು ಕೈ ಬಾರದು, ಅಚ್ಚಿಗೆ ಕೊಡಲು ಧೈರ್ಯ ಸಾಲದು.

ಈ ಸಂಕಟ ಹೊಸದಲ್ಲ. ವ್ಯಾಪಾರಿಗೆ ಕಾವ್ಯದ ಗೊಡವೆ ಏಕೆ ಎಂದು ಮೂಗು ಮುರಿಯುವವರೂ ಹೊಸಬರಲ್ಲ. ಬಳೆಗಾರರ ಕುಲದಲ್ಲಿ ಹುಟ್ಟಿದ ರನ್ನನು ಕವಿಚಕ್ರವರ್ತಿಯಾದ ನಾಡು ಇದು. ಆದುದರಿಂದ ಆ ಮಾತಿಗೆ ಇಲ್ಲಿ ಹೆಚ್ಚು ಉತ್ತರ ಬೇಕಿಲ್ಲ. ಒಳಗಿನಿಂದ ಏಳುವ ಸಂದೇಹಕ್ಕೆ ಮಾತ್ರ ಉತ್ತರ ಅಷ್ಟು ಸುಲಭವಲ್ಲ. ಅದನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟವರು ಹದಿನೇಳನೆಯ ಶತಮಾನದ ಜೈನ ವ್ಯಾಪಾರಿ, ಕವಿವರ ಬನಾರಸೀದಾಸರು.

ಬನಾರಸೀದಾಸರು 1586ರಲ್ಲಿ ಜೌನಪುರದಲ್ಲಿ ಶ್ರೀಮಾಲ ಕುಲದಲ್ಲಿ ಜನಿಸಿದರು. ತಂದೆ ಖರಗಸೇನರು ರತ್ನಪಡಿ ವ್ಯಾಪಾರಿಗಳು. ಮಗನಿಗೆ ಕಾವ್ಯದ ಹುಚ್ಚು. ಹದಿಹರೆಯದಲ್ಲೇ ಶೃಂಗಾರವೇ ಮುಖ್ಯವಾದ ಸಾವಿರ ಪದ್ಯಗಳ ‘ನವರಸ’ ಎಂಬ ಗ್ರಂಥವನ್ನು ಕಟ್ಟಿಬಿಟ್ಟರು. 1605ರಲ್ಲಿ ಅಕ್ಬರನು ಮಡಿದ ಸುದ್ದಿ ಕೇಳಿ ಮೆಟ್ಟಿಲಿನಿಂದ ಉರುಳಿ ತಲೆಗೆ ಪೆಟ್ಟುಮಾಡಿಕೊಂಡ ಯುವಕ ಇವರೇ. ಅದಾದ ಕೆಲಕಾಲಕ್ಕೆ ಗೋಮತೀ ನದಿಯ ಸೇತುವೆಯ ಮೇಲೆ ಗೆಳೆಯರಿಗೆ ಆ ಕಾವ್ಯವನ್ನು ಓದಿ ಹೇಳುತ್ತಿದ್ದಾಗ ಅವರ ಮನಸ್ಸಿನಲ್ಲಿ ಒಂದು ಅಲೆ ಎದ್ದಿತು. ಒಂದು ಸುಳ್ಳಾಡಿದವನಿಗೇ ದುರ್ಗತಿ ತಪ್ಪದೆಂದಾದರೆ, ಪುಸ್ತಕದ ತುಂಬ ಕಲ್ಪಿತವನ್ನೇ ತುಂಬಿದವನ ಗತಿಯೇನು? ಗ್ರಂಥವನ್ನು ನದಿಗೆ ಎಸೆದರು. ಗೆಳೆಯರು ಹಾಹಾಕಾರ ಮಾಡಿದರು. ನೀರು ಆಳವಾಗಿತ್ತು, ಹಾಳೆಗಳು ಚದರಿಹೋದವು.

ಉಪದೇಶ ಮಾಡುವವರಿಗೆ ಈ ಪ್ರಸಂಗ ಬಲು ಪ್ರಿಯ. ಆದರೆ ಇದನ್ನು ವೈರಾಗ್ಯದ ದೃಷ್ಟಾಂತವೆಂದು ಒಪ್ಪುವ ಮೊದಲು ಮುಂದಿನ ಪುಟಗಳನ್ನೂ ಓದಬೇಕು. ಆಗ ಅವರ ವಯಸ್ಸು ಹತ್ತೊಂಬತ್ತರ ಆಸುಪಾಸು. ಆ ವಯಸ್ಸಿನಲ್ಲಿ ಉತ್ಸಾಹದಂತೆಯೇ ಸಂದೇಹವೂ ದುಡುಕಿನದು. ಕೆಲವು ವರ್ಷಗಳ ಅನಂತರ ಆಗ್ರಾಕ್ಕೆ ವ್ಯಾಪಾರಕ್ಕೆಂದು ಹೋಗಿ, ತಂದೆ ಕೊಟ್ಟ ರತ್ನಗಳನ್ನೂ ಬಂಡವಾಳವನ್ನೂ ಕಳೆದುಕೊಂಡು, ಕಚೋರಿ ಮಾರುವವನ ಬಳಿ ತಿಂಗಳುಗಟ್ಟಲೆ ಸಾಲದಲ್ಲಿ ಊಟಮಾಡಿದಾಗ, ಅದೇ ಬನಾರಸೀದಾಸರು ರಾತ್ರಿಯ ಹೊತ್ತು ಹತ್ತಿಪ್ಪತ್ತು ಜನರನ್ನು ಕೂಡಿಸಿಕೊಂಡು ‘ಮಧುಮಾಲತಿ’, ‘ಮೃಗಾವತಿ’ ಎಂಬ ಪ್ರೇಮಕಥೆಗಳನ್ನು ಓದಿ ಹೇಳುತ್ತಿದ್ದರು. ಸ್ವಂತ ಶೃಂಗಾರ ನೀರುಪಾಲಾಯಿತು, ಪರರ ಶೃಂಗಾರ ಕಷ್ಟಕಾಲದ ಸಂಗಾತಿಯಾಯಿತು! ಕೃತಿಯನ್ನು ನಾಶಮಾಡಿದ ಮಾತ್ರಕ್ಕೆ ಕರ್ತೃವಿನ ಒಳಗು ಶುದ್ಧವಾಗುವುದಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ನಿಜವಾದ ಸಂಕಟ ಬಂದದ್ದು ನಡುವಯಸ್ಸಿನ ಹೊಸ್ತಿಲಲ್ಲಿ. 1623ರಲ್ಲಿ ಖೈರಾಬಾದಿನಲ್ಲಿ ಅವರ ಕೈಗೆ ಕುಂದಕುಂದಾಚಾರ್ಯರ ‘ಸಮಯಸಾರ’ದ ಮೇಲೆ ಪಾಂಡೆ ರಾಜಮಲ್ಲರು ರಚಿಸಿದ ದೇಶಭಾಷೆಯ ಟೀಕೆ ಬಂದಿತು. ಶುದ್ಧಾತ್ಮನೊಬ್ಬನೇ ಸತ್ಯ, ಉಳಿದುದೆಲ್ಲ ಪರ ಎಂಬ ನಿಶ್ಚಯನಯದ ಮಾತು ನಾಟಿತು. ಆದರೆ ಅರ್ಧವೇ ನಾಟಿತು. ಪೂಜೆ, ಜಪ, ಸಾಮಾಯಿಕ, ಪ್ರತಿಕ್ರಮಣಗಳನ್ನೆಲ್ಲ ಬಿಟ್ಟರು. ಕ್ರಿಯೆಯ ರಸ ಹೋಯಿತು, ಆತ್ಮದ ಸ್ವಾದ ದೊರೆಯಲಿಲ್ಲ ಎಂಬ ಸ್ಥಿತಿ. ಮೂವರು ಜೊತೆಗಾರರೊಂದಿಗೆ ಕೋಣೆಯೊಳಗೆ ಬಟ್ಟೆ ಕಳಚಿ, ತಾವೂ ಮುನಿಗಳೆಂದು ನಗುತ್ತ ಸುತ್ತುವಷ್ಟು ದೂರ ಹೋದರು. ಜನರು ನಿಂದಿಸಿದರು. ಇದು ಒಂದೆರಡು ತಿಂಗಳ ಮಾತಲ್ಲ. ಆ ತೊಳಲಾಟ ಮುಗಿಯಲು 1635ರವರೆಗೆ, ಹನ್ನೆರಡು ವರ್ಷಗಳು ಬೇಕಾದವು.

ನಡುವಯಸ್ಸಿನ ಆತ್ಮಸಂದೇಹದ ರೂಪ ಬಹುಮಟ್ಟಿಗೆ ಹೀಗೆಯೇ ಇರುತ್ತದೆ. ಅದಕ್ಕೆ ಎರಡೇ ಅಂಕಿಗಳು ಗೊತ್ತು: ನೂರು ಅಥವಾ ಸೊನ್ನೆ. ಪಂಪನಂತೆ ಬರೆಯಲಾಗದಿದ್ದರೆ ಬರೆಯುವುದೇ ವ್ಯರ್ಥ. ಮುನಿಯಂತೆ ಬಾಳಲಾಗದಿದ್ದರೆ ಶ್ರಾವಕನ ವ್ರತ ಬರಿಯ ಸೋಗು. ಕೇಳಲು ಇದು ವಿನಯದಂತಿರುತ್ತದೆ. ತೂಗಿ ನೋಡಿದರೆ ಇದರ ಅಡಿಯಲ್ಲಿ ಅಹಂಕಾರವೇ ಹೆಚ್ಚು. ಶಿಖರವಲ್ಲದೆ ಬೇರೆಲ್ಲಿಯೂ ನಿಲ್ಲಲು ಒಪ್ಪದವನು ತನ್ನನ್ನು ಶಿಖರಕ್ಕೆ ಹಕ್ಕುದಾರನೆಂದು ಎಣಿಸಿಕೊಂಡೇ ಇರುತ್ತಾನೆ.

ಬನಾರಸೀದಾಸರ ಸಂದೇಹ ನೀಗಿದ ಬಗೆಯಲ್ಲಿ ಕನ್ನಡನಾಡಿಗೂ ಒಂದು ಪಾಲಿದೆ. 1635ರಲ್ಲಿ ಪಾಂಡೆ ರೂಪಚಂದರು ಆಗ್ರಾಕ್ಕೆ ಬಂದು ‘ಗೊಮ್ಮಟಸಾರ’ವನ್ನು ಪ್ರವಚನ ಮಾಡಿದರು. ಹತ್ತನೆಯ ಶತಮಾನದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗಂಗರ ಮಂತ್ರಿ ಚಾವುಂಡರಾಯನಿಗಾಗಿ ರಚಿಸಿದ, ಅವನ ‘ಗೊಮ್ಮಟ’ ಎಂಬ ಹೆಸರನ್ನೇ ಹೊತ್ತ ಪ್ರಾಕೃತ ಗ್ರಂಥವಿದು. ಕೇಶವವರ್ಣಿಯು 1359ರಲ್ಲಿ ಇದಕ್ಕೆ ಕನ್ನಡದಲ್ಲಿ ವೃತ್ತಿಯನ್ನು ಬರೆದಿದ್ದಾನೆ. ಬೆಳ್ಗೊಳದ ಬಾಹುಬಲಿಯನ್ನು ಕಡೆಯಿಸಿದವನ ಹೆಸರಿನ ಗ್ರಂಥ ಆರೂವರೆ ಶತಮಾನಗಳ ಅನಂತರ ಯಮುನೆಯ ತೀರದಲ್ಲಿ ಒಬ್ಬ ವ್ಯಾಪಾರಿಯ ಬಿಡಿಸಲಾಗದ ಗಂಟನ್ನು ಬಿಡಿಸಿತು.

ಅದರಲ್ಲಿ ಅಂಥದೇನಿದೆ? ಹದಿನಾಲ್ಕು ಗುಣಸ್ಥಾನಗಳ ವಿವರಣೆಯಿದೆ. ಮಿಥ್ಯಾತ್ವದಿಂದ ಅಯೋಗಕೇವಲಿಯವರೆಗೆ ಜೀವನು ಏರುವ, ಜಾರುವ, ಮತ್ತೆ ಏರುವ ಮೆಟ್ಟಿಲುಗಳು. ನಾಲ್ಕನೆಯದರಲ್ಲಿ ಸಮ್ಯಗ್ದೃಷ್ಟಿ ಇದೆ, ವ್ರತವಿಲ್ಲ. ಐದನೆಯದರಲ್ಲಿ ಗೃಹಸ್ಥನ ಅಣುವ್ರತಗಳಿವೆ, ಮಹಾವ್ರತಗಳಿಲ್ಲ. ಯಾವ ಮೆಟ್ಟಿಲಿನಲ್ಲಿ ಇರುವವನಿಗೆ ಯಾವ ಆಚರಣೆ ಉಚಿತವೆಂಬುದನ್ನು ರೂಪಚಂದರು ತಿಳಿಯಹೇಳಿದರು. ನೂರು ಮತ್ತು ಸೊನ್ನೆಗಳ ನಡುವೆ ಇಷ್ಟೊಂದು ಅಂಕಿಗಳಿವೆಯೆಂದು ತಿಳಿದ ಲೆಕ್ಕಿಗನಿಗೆ ಆದ ಸಮಾಧಾನವನ್ನು ಊಹಿಸಿಕೊಳ್ಳಬಹುದು. ನಡುವಿನ ಮೆಟ್ಟಿಲು ಅವಮಾನದ ತಾಣವಲ್ಲ. ನಿಂತಿರುವ ನೆಲ, ಅಷ್ಟೆ. ಮರುವರ್ಷವೇ, 1636ರಲ್ಲಿ, ಐವತ್ತರ ವಯಸ್ಸಿನಲ್ಲಿ, ಅವರು ‘ಸಮಯಸಾರ ನಾಟಕ’ವನ್ನು ಪೂರ್ಣಗೊಳಿಸಿದರು. ಅವರ ಕೃತಿಗಳಲ್ಲಿ ಜೈನ ಮನೆಗಳು ಹೆಚ್ಚಾಗಿ ಓದಿಕೊಂಡು ಬಂದಿರುವುದು ಅದನ್ನೇ.

ತತ್ತ್ವಾರ್ಥಸೂತ್ರವು ಶಂಕೆಯನ್ನು ಸಮ್ಯಗ್ದರ್ಶನದ ಅತಿಚಾರಗಳಲ್ಲಿ ಮೊದಲನೆಯದಾಗಿ ಎಣಿಸಿದೆಯಲ್ಲ, ಆತ್ಮಸಂದೇಹವನ್ನು ಹೊಗಳುವುದು ಹೇಗೆ ಎಂದು ಕೆಲವರು ಕೇಳಬಹುದು. ಅಲ್ಲಿ ಹೇಳಿರುವುದು ಜಿನೋಕ್ತ ತತ್ತ್ವದಲ್ಲಿನ ಶಂಕೆಯನ್ನು. ತನ್ನ ಸಾಧನೆಯ ತೂಕದ ಬಗೆಗಿನ ಸಂದೇಹ ಬೇರೆ. ಅದು ಆಲೋಚನೆಗೆ, ಎಂದರೆ ತನ್ನ ದೋಷಗಳನ್ನು ಗುರುವಿನ ಮುಂದೆ ನಿವೇದಿಸುವ ಕ್ರಿಯೆಗೆ, ಹತ್ತಿರದ್ದು. ಆಲೋಚನೆಯಲ್ಲಿ ದೋಷವನ್ನು ಬಚ್ಚಿಡುವಂತಿಲ್ಲ. ಹಾಗೆಂದು ಇಲ್ಲದ ದೋಷವನ್ನು ಬೆಳೆಸಿ ಹೇಳುವುದೂ ಸಲ್ಲದು.

1641ರಲ್ಲಿ, ಐವತ್ತೈದರ ವಯಸ್ಸಿನಲ್ಲಿ ಬರೆದ ಆತ್ಮಕಥೆಯಲ್ಲಿ ಬನಾರಸೀದಾಸರು ಈ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ್ದಾರೆ. ಮನುಷ್ಯಾಯುಷ್ಯವನ್ನು ನೂರಹತ್ತು ವರ್ಷಗಳೆಂದು ಹಿಡಿದು, ಅರ್ಧ ಮುಗಿಯಿತೆಂಬ ಲೆಕ್ಕದಲ್ಲಿ ಅದಕ್ಕೆ ‘ಅರ್ಧಕಥಾನಕ’ ಎಂದು ಹೆಸರಿಟ್ಟರು. ಆ ಹೊತ್ತಿಗೆ ಅವರಿಗೆ ಹುಟ್ಟಿದ ಒಂಬತ್ತು ಮಕ್ಕಳೂ ತೀರಿಕೊಂಡಿದ್ದರು. ಕೊನೆಯಲ್ಲಿ ಜಮಾ-ಖರ್ಚಿನಂತೆ ಗುಣಗಳನ್ನೂ ದೋಷಗಳನ್ನೂ ಎದುರುಬದುರು ಬರೆದಿದ್ದಾರೆ. ಭಾಷಾಕವಿತೆಯಲ್ಲಿ ತಮಗೆ ಸಮನಿಲ್ಲ, ಕ್ಷಮೆಯಿದೆ, ಸಂತೋಷವಿದೆ ಎಂದು ಒಂದು ಕಡೆ. ಇನ್ನೊಂದು ಕಡೆ ಲಕ್ಷ್ಮಿಯ ಮೇಲೆ ಬಲವಾದ ಲೋಭ, ಜಪತಪಗಳಲ್ಲಿ ಆಸಕ್ತಿಯಿಲ್ಲ, ಅಲ್ಪಕ್ಕೂ ಅತಿಯಾಗಿ ನಗುವುದು, ಸುಳ್ಳು ಕಥೆಗಳನ್ನು ನಿಜದಂತೆ ಹೇಳುವುದು, ಯಾರೂ ಇಲ್ಲದಾಗ ಒಬ್ಬರೇ ಕುಣಿಯುವುದು, ಕಾರಣವಿಲ್ಲದೆ ಇದ್ದಕ್ಕಿದ್ದಂತೆ ಹೆದರುವುದು. ಉತ್ತಮ, ಮಧ್ಯಮ, ಅಧಮರೆಂದು ಜನರನ್ನು ವಿಂಗಡಿಸಿ, ತಮ್ಮನ್ನು ಮಧ್ಯಮರ ಸಾಲಿನಲ್ಲಿ ನಿಲ್ಲಿಸಿಕೊಂಡರು.

ಉಳಿದರ್ಧದ ಕಥೆಯನ್ನು ಅವರು ಬರೆಯಲಿಲ್ಲ. 1643ರ ಸುಮಾರಿಗೆ ಅವರು ತೀರಿಕೊಂಡಿರಬೇಕೆಂದು ವಿದ್ವಾಂಸರು ಎಣಿಸುತ್ತಾರೆ. ಚದರಿದ್ದ ಅವರ ಬಿಡಿ ರಚನೆಗಳನ್ನು ಆಗ್ರಾದ ಜಗಜೀವನರೆಂಬವರು 1644ರಲ್ಲಿ ‘ಬನಾರಸೀ ವಿಲಾಸ’ ಎಂಬ ಹೆಸರಿನಲ್ಲಿ ಕೂಡಿಸಿಟ್ಟರು. ಗೋಮತಿಗೆ ಬಿದ್ದ ಸಾವಿರ ಪದ್ಯಗಳು ಮಾತ್ರ ಯಾರಿಗೂ ಸಿಗಲಿಲ್ಲ. ಅವು ಒಳ್ಳೆಯವಾಗಿದ್ದವೋ ಕೆಟ್ಟವಾಗಿದ್ದವೋ ಎಂದು ತೂಗಿ ಹೇಳಲು ಇಂದು ಯಾರಿಗೂ ಸಾಧ್ಯವಿಲ್ಲ.